ಅಳುವವಳಿಗೆ ಹದಿನಾರು ಲಕ್ಷ, ಅಳಿಸಿದ್ದಕ್ಕೆ ಒಂದೂವರೆ ಲಕ್ಷ

ಸಿಡ್ನಿಗೆ ಸಮುದ್ರವಿದೆ, ಮೆಲ್ಬರ್ನಿಗೆ ಸಂಸ್ಕೃತಿಯಿದೆ. ಹೀಗೆಂದವರು ಯಾರು ಎಂದು ಕೇಳಬೇಕಿಲ್ಲ, ಮೆಲ್ಬರ್ನಿನವರೇ. ಸಮುದ್ರ ಮೆಲ್ಬರ್ನಿಗೂ ಇದೆ. ಆದರೆ ನೀರು ಮೈಕೊರೆಯುವಷ್ಟು ತಣ್ಣಗಿರುವುದರಿಂದ ಜನ ದಡದಲ್ಲೇ ನಿಂತು, ಕಾಫಿ ಕುಡಿಯುತ್ತ, ಕಲೆಯ ಬಗ್ಗೆ ಚಿಂತಿಸುವುದು ರೂಢಿಯಾಗಿರಬೇಕು. ಸಿಡ್ನಿಯವರು ಇದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ. ಒಪೆರಾ ಹೌಸಿನ ಕಡೆ ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಇವರಿಬ್ಬರ ಜಗಳ ಹರಿಯದೆ ನಡುವೆ ಕ್ಯಾನ್‌ಬೆರಾ ಎಂಬ ಮೂರನೆಯ ಊರನ್ನೇ ಕಟ್ಟಿ ರಾಜಧಾನಿ ಮಾಡಬೇಕಾಯಿತು. 1927ರ ತನಕ ಸಂಸತ್ತು ತಮ್ಮಲ್ಲೇ ಕೂತಿತ್ತು ಎಂಬುದನ್ನು ಮೆಲ್ಬರ್ನಿನವರು ಮರೆತಿಲ್ಲ. ಅದು ಎದ್ದು ಹೋಯಿತು ಎಂಬುದನ್ನು ಸಿಡ್ನಿಯವರು ಮರೆಯಲು ಬಿಟ್ಟಿಲ್ಲ.

ಬೆಂಗಳೂರು, ಮೈಸೂರು, ದಾವಣಗೆರೆಗಳಿಂದ ಹೋದ ನಮ್ಮವರು ವೀಸಾ ಗಟ್ಟಿಯಾಗುವ ಮೊದಲೇ ಇಬ್ಬರಲ್ಲಿ ಒಬ್ಬರ ಪಕ್ಷ ಸೇರಿರುತ್ತಾರೆ. ಅಕ್ಕ ತಂಗಿಯರನ್ನು ಕೈಹಿಡಿದ ಷಡ್ಡಕರಲ್ಲಿ ಒಬ್ಬರು ಸಿಡ್ನಿಯ ವೆಸ್ಟ್‌ಮೀಡಿನಲ್ಲಿ, ಇನ್ನೊಬ್ಬರು ಮೆಲ್ಬರ್ನಿನ ಟಾರ್ನೀಟಿನಲ್ಲಿ ಮನೆ ಮಾಡಿದ್ದರಂತೂ ಹಬ್ಬದ ಫೋನು ಮುಗಿಯುವುದೇ ಇಲ್ಲ. ಒಬ್ಬರು ಸಂಬಳ ಹೇಳುತ್ತಾರೆ, ಇನ್ನೊಬ್ಬರು ಸೈಟಿನ ಅಳತೆ ಹೇಳುತ್ತಾರೆ. ಎರಡೂ ಸಾಲದೆ ಬಂದಾಗ ಮೆಲ್ಬರ್ನಿನವರು ಬ್ರಹ್ಮಾಸ್ತ್ರ ತೆಗೆಯುತ್ತಾರೆ: “ಏನೇ ಹೇಳಿ ಸಾರ್, ಕಲ್ಚರ್ ಅಂತ ಇರೋದು ನಮ್ಮ ಕಡೇನೇ.” ಆ ಕಲ್ಚರನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳಿದರೆ, “ಅಪ್ಪ ಅಮ್ಮ ಬಂದಿದ್ರಲ್ಲ, ಆಗ.”

ಅಪ್ಪ ಅಮ್ಮ ಬಂದಾಗ ತೋರಿಸುವ ಕಲ್ಚರು ಸೇಂಟ್ ಕಿಲ್ಡಾ ರಸ್ತೆಯಲ್ಲಿದೆ. ಅದರ ಹೆಸರು ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾ. ಅದು ಒಂದು ರಾಜ್ಯದ ಗ್ಯಾಲರಿ, ಆದರೂ ನ್ಯಾಷನಲ್. ಅದು ಹುಟ್ಟಿದ್ದು 1861ರಲ್ಲಿ, ಆಸ್ಟ್ರೇಲಿಯಾ ಎಂಬ ರಾಷ್ಟ್ರ ಹುಟ್ಟಿದ್ದು 1901ರಲ್ಲಿ. ರಾಷ್ಟ್ರಕ್ಕಿಂತ ನಲವತ್ತು ವರ್ಷ ಮೊದಲೇ ರಾಷ್ಟ್ರೀಯವಾಗುವ ಆತ್ಮವಿಶ್ವಾಸ ಎಲ್ಲ ಊರಿಗೂ ಬರುವಂಥದ್ದಲ್ಲ. ಕಾಯಂ ಸಂಗ್ರಹ ನೋಡಲು ಟಿಕೆಟ್ಟಿಲ್ಲ, ಚಳಿಗೆ ಒಳಗೆ ಬೆಚ್ಚಗಿರುತ್ತದೆ, ಶೌಚಾಲಯ ಶುಚಿಯಾಗಿದೆ. ಪಫಿಂಗ್ ಬಿಲ್ಲಿ ರೈಲಿಗೂ ಗ್ರೇಟ್ ಓಷನ್ ರೋಡಿಗೂ ನಡುವೆ ಉಳಿದ ಒಂದು ಮಳೆಯ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ದೊಡ್ಡ ಹಾಲಿನ ಚಾವಣಿಯ ತುಂಬ ಲೆನಾರ್ಡ್ ಫ್ರೆಂಚ್ ಮಾಡಿದ ಬಣ್ಣದ ಗಾಜಿದೆ. ಅದನ್ನು ನೋಡಲು ಜನ ನೆಲಗಂಬಳಿಯ ಮೇಲೆ ಅಂಗಾತ ಮಲಗುತ್ತಾರೆ. ನಿವೃತ್ತ ಹೆಡ್‌ಮಾಸ್ತರರು ಮಂಕಿಕ್ಯಾಪು ಸಮೇತ ಅಲ್ಲಿ ಮಲಗಿ ಹತ್ತು ನಿಮಿಷ ಗೊರಕೆ ಹೊಡೆದರೂ ಕಲಾಸ್ವಾದನೆ ಎಂದೇ ಲೆಕ್ಕ.

ಇದೇ ಗ್ಯಾಲರಿಯ ಆಸ್ತಿ ಒಂದು ಹೆಂಗಸಿನ ಮುಖ. ಹಸಿರು, ನೇರಳೆ ಬಳಿದುಕೊಂಡ, ಕಣ್ಣೆರಡೂ ಒಂದೇ ಕಡೆಗೆ ಸರಿದ ಮುಖ, 55 ಸೆಂಟಿಮೀಟರ್ ಎತ್ತರ, 46 ಅಗಲ. ಪಿಕಾಸೊ ಬರೆದ ‘ಅಳುವ ಹೆಂಗಸು’. ಚಿತ್ರದ ತಾರೀಖು 18 ಅಕ್ಟೋಬರ್ 1937. ಇವಳು ಯಾಕೆ ಅಳುತ್ತಿದ್ದಾಳೆ ಎಂಬುದಕ್ಕೆ ಉತ್ತರ ಸ್ಪೇನಿನ ಗೆರ್ನಿಕಾ ಎಂಬ ಊರಿನಲ್ಲಿದೆ.

ಗೆರ್ನಿಕಾ ಬಾಸ್ಕ್ ಜನರ ಊರು. ಅಲ್ಲೊಂದು ಓಕ್ ಮರವಿದೆ. ಹಿಂದೆ ಆಳುವ ದೊರೆಗಳು ಅದರ ಕೆಳಗೆ ನಿಂತು, ಬಾಸ್ಕ್ ಜನರ ಕಟ್ಟಳೆಗಳನ್ನು ಮೀರುವುದಿಲ್ಲ ಎಂದು ಪ್ರಮಾಣ ಮಾಡಬೇಕಿತ್ತು. 26 ಏಪ್ರಿಲ್ 1937, ಸೋಮವಾರ, ಸಂತೆಯ ದಿನ, ಸ್ಪೇನಿನ ಅಂತರ್ಯುದ್ಧದಲ್ಲಿ ಜನರಲ್ ಫ್ರಾಂಕೋನ ಪರವಾಗಿ ಬಂದ ಹಿಟ್ಲರನ ಕಾಂಡರ್ ಲೀಜನ್ ವಿಮಾನಗಳೂ ಜೊತೆಗೆ ಇಟಲಿಯ ವಿಮಾನಗಳೂ ಆ ಊರನ್ನು ಸುಟ್ಟುಹಾಕಿದವು. ಊರಿನವರೇ ತಮ್ಮ ಊರಿಗೆ ಬೆಂಕಿ ಇಟ್ಟುಕೊಂಡು ಓಡಿದರು ಎಂದು ಫ್ರಾಂಕೋನ ಕಡೆಯವರು ಹೇಳಿಕೆ ಕೊಟ್ಟರು. (ಸರ್ಕಾರಿ ಹೇಳಿಕೆಗಳ ಶೈಲಿ ಅಂದಿನಿಂದ ಬದಲಾದಂತೆ ಕಾಣುವುದಿಲ್ಲ.) ಪ್ಯಾರಿಸ್ಸಿನಲ್ಲಿದ್ದ ಪಿಕಾಸೊ ಅಲ್ಲಿನ ವಿಶ್ವಪ್ರದರ್ಶನಕ್ಕೆಂದು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲದ ‘ಗೆರ್ನಿಕಾ’ ಬರೆದ. ಅದರಲ್ಲಿ ಸತ್ತ ಮಗುವನ್ನು ಎತ್ತಿಕೊಂಡು ಬೊಬ್ಬಿಡುವ ತಾಯಿಯೊಬ್ಬಳಿದ್ದಾಳೆ. ದೊಡ್ಡ ಚಿತ್ರ ಮುಗಿದರೂ ಅವಳ ಅಳು ಮುಗಿಯಲಿಲ್ಲ. ಆ ವರ್ಷವಿಡೀ ಪಿಕಾಸೊ ಅಳುವ ಮುಖಗಳನ್ನೇ ಬರೆದ. ಅವರಲ್ಲಿ ಒಬ್ಬಳು ಲಂಡನ್ನಿನ ಟೇಟ್ ಗ್ಯಾಲರಿ ಸೇರಿದಳು, ಒಬ್ಬಳು ಮೆಲ್ಬರ್ನಿಗೆ ಬಂದಳು.

ಸುಮ್ಮನೆ ಬರಲಿಲ್ಲ. ಮೆಲ್ಬರ್ನಿನ ಕಲಾಭಿರುಚಿ ಅವಳನ್ನು ಬರಮಾಡಿಕೊಳ್ಳಲು ಒಂದು ಶತಮಾನ ತಾಲೀಮು ನಡೆಸಿತ್ತು. 1883ರಲ್ಲಿ ಇದೇ ಗ್ಯಾಲರಿಯಲ್ಲಿ ಫ್ರೆಂಚ್ ಕಲಾವಿದ ಲೆಫೆವ್ರನ ‘ಕ್ಲೋಯಿ’ ಎಂಬ ಬೆತ್ತಲೆ ಹುಡುಗಿಯ ಚಿತ್ರ ತೂಗುಹಾಕಿದಾಗ, ಭಾನುವಾರದ ದಿನ ಇದೇನು ಅನಾಚಾರ ಎಂದು ಊರು ಬೊಬ್ಬೆ ಹಾಕಿತು. ಹುಡುಗಿ ಗ್ಯಾಲರಿಯಿಂದ ಹೊರಬಿದ್ದಳು. 1909ರಿಂದ ಅವಳು ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನ ಎದುರಿನ ಯಂಗ್ ಅಂಡ್ ಜಾಕ್ಸನ್ ಹೆಂಡದಂಗಡಿಯಲ್ಲಿದ್ದಾಳೆ. ಅಲ್ಲಿ ಯಾರಿಗೂ ಅನಾಚಾರ ಕಾಣಿಸಿಲ್ಲ. 1939ರಲ್ಲಿ ಹೆರಾಲ್ಡ್ ಪತ್ರಿಕೆಯವರು ಯುರೋಪಿನ ಹೊಸ ಚಿತ್ರಗಳನ್ನು ಹಡಗಿನಲ್ಲಿ ತಂದು ಪ್ರದರ್ಶನವಿಟ್ಟರು. ವ್ಯಾನ್ ಗೋ, ಪಿಕಾಸೊ, ಸೆಜಾನ್ ಎಲ್ಲರೂ ಇದ್ದರು. ಅಷ್ಟರಲ್ಲಿ ಯುದ್ಧ ಶುರುವಾಗಿ ಚಿತ್ರಗಳು ವಾಪಸು ಹೋಗಲಾರದೆ ಆಸ್ಟ್ರೇಲಿಯಾದಲ್ಲೇ ಸಿಕ್ಕಿಕೊಂಡವು. ಕೊಳ್ಳುವವರಿಗೆ ಇಂಥ ಯೋಗ ಇನ್ನೊಮ್ಮೆ ಬರುವುದಿಲ್ಲ. ಗ್ಯಾಲರಿಯ ಆಗಿನ ನಿರ್ದೇಶಕರು ಜೆ.ಎಸ್. ಮ್ಯಾಕ್‌ಡೊನಾಲ್ಡ್. ಇವೆಲ್ಲ ಕೆಟ್ಟುಹೋದವರ, ವಿಕೃತರ ಕೆಲಸ ಎಂದು ಅವರು ತೀರ್ಪಿತ್ತರು. ಆದರೂ ಗ್ಯಾಲರಿ ಬೆರಳೆಣಿಕೆಯಷ್ಟು ಕೊಂಡಿತು. ಅದರಲ್ಲಿ ವ್ಯಾನ್ ಗೋ ಎಂದು ಹೆಮ್ಮೆಯಿಂದ ಕೊಂಡ ಗಂಡಸಿನ ತಲೆಯ ಚಿತ್ರವನ್ನು 2007ರಲ್ಲಿ ಆಮ್‌ಸ್ಟರ್‌ಡಾಮಿನ ತಜ್ಞರು ಪರೀಕ್ಷಿಸಿ, ಇದು ವ್ಯಾನ್ ಗೋ ಬರೆದದ್ದೇ ಅಲ್ಲ ಎಂದುಬಿಟ್ಟರು.

ಇಷ್ಟು ಪಾಠ ಕಲಿತ ಮೇಲೆ 1985ರಲ್ಲಿ ಗ್ಯಾಲರಿ ಪಿಕಾಸೊನ ಅಳುವವಳನ್ನು ಕೊಂಡಿತು. ಬೆಲೆ 16 ಲಕ್ಷ ಡಾಲರ್. ಅಲ್ಲಿಯ ತನಕ ಆಸ್ಟ್ರೇಲಿಯಾದ ಯಾವ ಗ್ಯಾಲರಿಯೂ ಒಂದು ಚಿತ್ರಕ್ಕೆ ಅಷ್ಟು ಕೊಟ್ಟಿರಲಿಲ್ಲ. ಈ ಮುಖ ಮುಂದಿನ ನೂರು ವರ್ಷ ಮೆಲ್ಬರ್ನನ್ನು ಕಾಡಲಿದೆ ಎಂದು ನಿರ್ದೇಶಕ ಪ್ಯಾಟ್ರಿಕ್ ಮೆಕಾಹಿ ಸಾರಿದರು. ಊರಿನ ಜನ ನೋಡಲು ಬಂದರು. ಬಂದವರು ಚಿತ್ರದಲ್ಲಿ ಗೆರ್ನಿಕಾವನ್ನು ಹುಡುಕಲಿಲ್ಲ, 16 ಲಕ್ಷ ಎಲ್ಲಿ ಅಡಗಿದೆ ಎಂದು ಹುಡುಕಿದರು. ತೀರ ತಪ್ಪಲ್ಲ. ನಮ್ಮಲ್ಲೂ ಮದುವೆ ಮನೆಗೆ ಹೋದವರು ಮೊದಲು ಹುಡುಗಿಯ ಮುಖ ನೋಡುತ್ತಾರೋ ಕತ್ತಿನ ಸರ ನೋಡುತ್ತಾರೋ?

ಮುಂದಿನ ವರ್ಷವೇ ಅವಳು ಕಾಣೆಯಾದಳು. 2 ಆಗಸ್ಟ್ 1986, ಶನಿವಾರ. ಕಳ್ಳರು ಗಾಜು ಒಡೆಯಲಿಲ್ಲ, ಕ್ಯಾನ್ವಾಸು ಕೊಯ್ಯಲಿಲ್ಲ. ಅಲ್ಲಿನ ವಿಶೇಷ ಸ್ಕ್ರೂಗಳಿಗೆ ತಕ್ಕ ಸಲಕರಣೆ ತಂದು, ಬಿಚ್ಚಿ, ಚಿತ್ರವಿದ್ದ ಜಾಗದಲ್ಲಿ ಒಂದು ಚೀಟಿ ಇಟ್ಟು ಹೋದರು. ಚಿತ್ರವನ್ನು ಮಾಮೂಲಿ ದುರಸ್ತಿಗೆ ಒಯ್ಯಲಾಗಿದೆ, ಇಂತಿ ಎಸಿಟಿ. ಆಸ್ಟ್ರೇಲಿಯಾದಲ್ಲಿ ಎಸಿಟಿ ಎಂದರೆ ಕ್ಯಾನ್‌ಬೆರಾ ಇರುವ ಆಸ್ಟ್ರೇಲಿಯನ್ ಕ್ಯಾಪಿಟಲ್ ಟೆರಿಟರಿ. ಕಾವಲಿನವರು ಚೀಟಿ ನೋಡಿದರು. ಕೇಂದ್ರದವರು ಒಯ್ದಿದ್ದರೆ ಕೇಳುವುದು ಹೇಗೆ? ಸುಮ್ಮನಾದರು. ಸೋಮವಾರ ‘ದಿ ಏಜ್’ ಪತ್ರಿಕೆಗೆ ಪತ್ರ ಬಂದ ಮೇಲೆಯೇ ಎಸಿಟಿ ಎಂದರೆ ಆಸ್ಟ್ರೇಲಿಯನ್ ಕಲ್ಚರಲ್ ಟೆರರಿಸ್ಟ್ಸ್, ಅಂದರೆ ಸಾಂಸ್ಕೃತಿಕ ಭಯೋತ್ಪಾದಕರು, ಎಂದು ಗೊತ್ತಾದದ್ದು. ದೇಶದ ಅತಿ ದುಬಾರಿ ಚಿತ್ರ ಒಂದು ಇಡೀ ವಾರಾಂತ್ಯ ಇಲ್ಲದಿದ್ದರೂ ನೂರು ವರ್ಷ ಕಾಡಿಸಿಕೊಳ್ಳಬೇಕಾದ ಊರಿಗೆ ಗೊತ್ತೇ ಆಗಲಿಲ್ಲ.

ಕಳ್ಳರ ಬೇಡಿಕೆ ಕೇಳಿ. ವಿಮಾನ ಬೇಡ, ಚಿನ್ನ ಬೇಡ, ಸ್ವಿಸ್ ಬ್ಯಾಂಕಿನ ಖಾತೆ ಬೇಡ. ಮೂರು ವರ್ಷಗಳಲ್ಲಿ ಕಲೆಗೆ ಕೊಡುವ ಸರ್ಕಾರಿ ಅನುದಾನವನ್ನು ಶೇಕಡಾ 10 ಹೆಚ್ಚಿಸಬೇಕು. ಮೂವತ್ತು ವರ್ಷದೊಳಗಿನ ಐವರು ಕಲಾವಿದರಿಗೆ ಪ್ರತಿವರ್ಷ ಬಹುಮಾನ ಕೊಡಬೇಕು, ಅದಕ್ಕೆ ‘ಪಿಕಾಸೊ ರಾನ್ಸಮ್’ ಎಂದು ಹೆಸರಿಡಬೇಕು. ಏಳು ದಿನ ಗಡುವು. ಇಲ್ಲವಾದರೆ ಚಿತ್ರ ಸುಡುತ್ತೇವೆ. ಗುತ್ತಿಗೆದಾರರ ಬಾಯಲ್ಲಿ ಶೇಕಡಾ 40 ಕಮಿಷನ್ನಿನ ಆರೋಪ ಕೇಳಿದ ನಾಡಿನವರಾದ ನಮಗೆ, ಶೇಕಡಾ 10ನ್ನು ಅದೂ ಮೂರು ಕಂತಿನಲ್ಲಿ, ಅದೂ ಬೇರೆಯವರಿಗಾಗಿ ಕೇಳುವ ಕಳ್ಳರನ್ನು ಕಂಡರೆ ಕಣ್ಣು ತೇವವಾಗಬೇಕು. ಆಯವ್ಯಯದ ಮೇಲೆ ಇಷ್ಟು ಜವಾಬ್ದಾರಿಯಿಂದ ಮಾತಾಡಿದ ಶಾಸಕರನ್ನು ನಾನು ಕಂಡಿಲ್ಲ.

ಪತ್ರ ಬರೆದದ್ದು ಕಲಾ ಸಚಿವ ರೇಸ್ ಮ್ಯಾಥ್ಯೂಸ್ ಅವರಿಗೆ. ಅವರನ್ನು ಜೌಗುನೆಲದ ವಾಯು ತುಂಬಿದ ಹಳೇ ಚೀಲ, ಜಂಬದ ಮಡ್ಡಿತಲೆ ಎಂದೆಲ್ಲ ಬೈದಿದ್ದರು. ಈ ಮ್ಯಾಥ್ಯೂಸ್ ಕಲಾ ಸಚಿವರು ಮಾತ್ರವಲ್ಲ, ಪೊಲೀಸ್ ಸಚಿವರೂ ಹೌದು. ಕಲಾ ಖಾತೆಯಿಂದ ದೂರು ಹೊರಟು ಪೊಲೀಸ್ ಖಾತೆಗೆ ತಲುಪಲು ಅವರು ಕೂತಲ್ಲೇ ಕುರ್ಚಿ ತಿರುಗಿಸಿದರೆ ಸಾಕಿತ್ತು. ಕಲೆಯನ್ನೂ ಲಾಠಿಯನ್ನೂ ಒಬ್ಬರ ಕೈಗೇ ಕೊಟ್ಟ ಆ ಏರ್ಪಾಡಿನ ಜಾಣತನವನ್ನು ನಮ್ಮ ವಿಧಾನಸೌಧ ಇನ್ನೂ ಗಮನಿಸಿದಂತಿಲ್ಲ. ಸಾಹಿತ್ಯ ಸಮ್ಮೇಳನಗಳ ಊಟದ ಸಾಲಿಗೆ ಅನುಕೂಲವಾಗುತ್ತಿತ್ತು. ಸರ್ಕಾರ ಬಗ್ಗಲಿಲ್ಲ. ಅನುದಾನ ಹೆಚ್ಚಿಸುವ ಬದಲು, ಕಳ್ಳರ ಸುಳಿವು ಕೊಟ್ಟವರಿಗೆ 50,000 ಡಾಲರ್ ಬಹುಮಾನ ಘೋಷಿಸಿತು. ಅಷ್ಟರ ಮಟ್ಟಿಗೆ ಕಲೆಗೆ ಹೊಸ ಹಣ ಬಿಡುಗಡೆಯಾದಂತೆಯೇ. ಎರಡನೆಯ ಪತ್ರ ಬಂತು, ಅದರ ಜೊತೆ ಸುಟ್ಟ ಬೆಂಕಿಕಡ್ಡಿ. ಗಡುವು ಕಳೆಯಿತು.

ಇನ್ನು ಉಳಿದದ್ದು ಊಹಾಪೋಹ. ಒಳಗಿನವರ ಕೈವಾಡ ಎಂದರು, ಕಲಾಶಾಲೆಯ ಹುಡುಗರು ಎಂದರು. ಯಾರೋ ಕೊಟ್ಟ ಸುಳಿವು ಹಿಡಿದು ಮೆಕಾಹಿ ಒಬ್ಬ ತರುಣ ಕಲಾವಿದನ ಕೋಣೆಗೆ ಹೋಗಿ, ಚಿತ್ರವನ್ನು ಯಾರಾದರೂ ರೈಲು ನಿಲ್ದಾಣದ ಲಾಕರಿನಲ್ಲೋ ವಿಮಾನ ನಿಲ್ದಾಣದಲ್ಲೋ ಇಟ್ಟುಹೋದರೆ ಯಾರೂ ಏನೂ ಕೇಳುವುದಿಲ್ಲ ಎಂದು ಗಾಳಿಗೆ ಹೇಳುವ ಹಾಗೆ ಹೇಳಿ ಬಂದರು. 19 ಆಗಸ್ಟ್‌ನಂದು ಸ್ಪೆನ್ಸರ್ ಸ್ಟ್ರೀಟ್ ರೈಲು ನಿಲ್ದಾಣದ 227ನೇ ನಂಬರಿನ ಲಾಕರಿನಲ್ಲಿ ಅಳುವವಳು ಸಿಕ್ಕಿದಳು, ಕಂದು ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿಸಿಕೊಂಡು, ಒಂದು ಗೀರೂ ಇಲ್ಲದೆ. ಕದ್ದವರು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ.

ಸಿಡ್ನಿಯವರು ಇದರಲ್ಲೂ ಹಿಂದೆ ಬೀಳಲಿಲ್ಲ. 2007ರ ಜೂನ್‌ನಲ್ಲಿ ಅವರ ಆರ್ಟ್ ಗ್ಯಾಲರಿಯಿಂದ ಹದಿನೇಳನೇ ಶತಮಾನದ ಡಚ್ ಕಲಾವಿದ ಫ್ರಾನ್ಸ್ ವಾನ್ ಮೀರಿಸನ ‘ಎ ಕ್ಯಾವಲಿಯರ್’ ಹೋಯಿತು. 20 ಸೆಂಟಿಮೀಟರ್ ಎತ್ತರ, 16 ಅಗಲ, ಕೋಟಿನೊಳಗೆ ಹಿಡಿಸುವಷ್ಟು. ಬೆಲೆ ಹತ್ತು ಲಕ್ಷ ಡಾಲರಿಗೂ ಮೇಲೆ. ಅದು ಇನ್ನೂ ಸಿಕ್ಕಿಲ್ಲ. ಸಾಂಸ್ಕೃತಿಕ ಬೇಡಿಕೆ ಹೊತ್ತ ಪತ್ರವಿಲ್ಲ, ಸಚಿವರಿಗೆ ಬೈಗುಳವಿಲ್ಲ, ಬೆಂಕಿಕಡ್ಡಿ ಇಲ್ಲ. ಷಡ್ಡಕರ ಜಗಳದಲ್ಲಿ ಈ ಒಂದು ಅಂಶ ಮಾತ್ರ ಮೆಲ್ಬರ್ನಿನ ಪರವಾಗಿ ಒಪ್ಪಿಕೊಳ್ಳಲೇಬೇಕು: ಅವರ ಕಳ್ಳರಿಗೆ ಅಭಿರುಚಿಯಿತ್ತು, ಸಿಡ್ನಿಯ ಕಳ್ಳರಿಗೆ ಬರೀ ಕಸುಬು.

ಸಿಡ್ನಿ ತನ್ನ ಗೆರ್ನಿಕಾವನ್ನು ಕೊಂಡು ತರಲಿಲ್ಲ. ಅದು ತಾನಾಗಿ ಬಂತು, ಒಪೆರಾ ಹೌಸಿನ ನೆತ್ತಿಯ ಮೇಲೆ. ಆ ಒಪೆರಾ ಹೌಸೂ ಸಾಮಾನ್ಯದ್ದಲ್ಲ. 70 ಲಕ್ಷ ಡಾಲರಿನಲ್ಲಿ ಮುಗಿಸುತ್ತೇವೆ ಎಂದು ಶುರುಮಾಡಿ 10.2 ಕೋಟಿಗೆ ಮುಟ್ಟಿಸಿ, ಹಣವನ್ನು ಲಾಟರಿ ಟಿಕೆಟ್ಟಿನಿಂದ ಎತ್ತಿ, ನಕ್ಷೆ ಬರೆದ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಬೇಸತ್ತು 1966ರಲ್ಲಿ ಬಿಟ್ಟು ಹೋಗುವ ಹಾಗೆ ಮಾಡಿ, 1973ರಲ್ಲಿ ರಾಣಿಯಿಂದ ಉದ್ಘಾಟಿಸಿದ ಕಟ್ಟಡ. ಕಟ್ಟಿದ್ದನ್ನು ನೋಡಲು ಉಟ್ಸನ್ ಸಾಯುವ ತನಕ ಬರಲಿಲ್ಲ. ಆ ಬಿಳಿ ಚಿಪ್ಪುಗಳ ಮೇಲೆ ಹತ್ತು ಲಕ್ಷಕ್ಕೂ ಹೆಚ್ಚು ಹೆಂಚುಗಳಿವೆ.

2003ರ ಫೆಬ್ರವರಿಯಲ್ಲಿ ಇರಾಕಿನ ಯುದ್ಧಕ್ಕೆ ಕಾರಣ ಹುಡುಕಲು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆಗೆ ಬಂದಾಗ, ಅಲ್ಲಿ ತೂಗುತ್ತಿದ್ದ ‘ಗೆರ್ನಿಕಾ’ದ ನೇಯ್ದ ಪ್ರತಿಗೆ ನೀಲಿ ಪರದೆ ಎಳೆದಿದ್ದರು. ಕ್ಯಾಮೆರಾಗಳಿಗೆ ಹಿನ್ನೆಲೆ ಚೆನ್ನಾಗಿ ಬರಲಿ ಎಂದು ಸಮಜಾಯಿಷಿ. ಆಸ್ಟ್ರೇಲಿಯಾವೂ ಸೈನ್ಯ ಕಳುಹಿಸಲು ತಯಾರಾಯಿತು. 18 ಮಾರ್ಚ್‌ನಂದು ಡೇವ್ ಬರ್ಜೆಸ್, ವಿಲ್ ಸಾಂಡರ್ಸ್ ಎಂಬಿಬ್ಬರು ಒಪೆರಾ ಹೌಸಿನ ಎತ್ತರದ ಚಿಪ್ಪನ್ನು ಹತ್ತಿ, ಕೆಂಪು ಬಣ್ಣದಲ್ಲಿ ಯುದ್ಧ ಬೇಡ ಎಂಬ ಎರಡೇ ಪದ ಬರೆದರು. ಸಿಡ್ನಿಯಲ್ಲಿ ಅಷ್ಟು ದೂರಕ್ಕೆ ಕಾಣುವ, ಅಷ್ಟು ಸುಲಭವಾಗಿ ಅರ್ಥವಾಗುವ ಕಲಾಕೃತಿ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಇಬ್ಬರಿಗೂ ಒಂಬತ್ತು ತಿಂಗಳು ವಾರಾಂತ್ಯದ ಸೆರೆವಾಸ. ಮೇಲೆ, ಬಣ್ಣ ಅಳಿಸಿದ ಖರ್ಚೆಂದು 1,51,000 ಡಾಲರ್ ಕಟ್ಟಬೇಕೆಂದು ಆದೇಶ. ಹಣ ಎಲ್ಲಿಂದ? ಅವರು ನೀರು ತುಂಬಿದ ಗಾಜಿನ ಗುಂಡುಗಳಲ್ಲಿ ಪುಟಾಣಿ ಒಪೆರಾ ಹೌಸ್ ಇಟ್ಟು, ಅದರ ಮೇಲೆ ಅವೇ ಎರಡು ಪದ ಬರೆಸಿ ಮಾರಿದರು. ಅಲ್ಲಾಡಿಸಿದರೆ ಹಿಮ ಬೀಳುತ್ತದೆ, ಸಿಡ್ನಿಯಲ್ಲಿ ಬೀಳದ ಹಿಮ. ಲೆಕ್ಕ ಹಾಕಿ ನೋಡಿ: ಪದವೊಂದಕ್ಕೆ 75,500 ಡಾಲರ್. ಗೌರವಧನದ ಹೆಸರಿನಲ್ಲಿ ಗೌರವವನ್ನು ಮಾತ್ರ ಕಳುಹಿಸುವ ಕನ್ನಡ ಪತ್ರಿಕೆಗಳಿಗೆ ಬರೆಯುವ ನನ್ನಂಥವನು ಈ ದರವನ್ನು ಮತ್ತೆ ಮತ್ತೆ ಓದಿಕೊಂಡೆ. ಆಮೇಲೆ ಹೊಳೆಯಿತು, ಅದು ಬರೆದದ್ದಕ್ಕೆ ಕೊಟ್ಟದ್ದಲ್ಲ, ಅಳಿಸಿದ್ದಕ್ಕೆ ಕಿತ್ತುಕೊಂಡದ್ದು.

ಹಾಗೆಂದು ಆ ಚಿಪ್ಪುಗಳ ಮೇಲೆ ಏನನ್ನೂ ಬರೆಯಲೇಬಾರದು ಎಂದಲ್ಲ. 2007ರಲ್ಲಿ ಯುನೆಸ್ಕೊ ಒಪೆರಾ ಹೌಸನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2018ರ ಅಕ್ಟೋಬರಿನಲ್ಲಿ ‘ದಿ ಎವರೆಸ್ಟ್’ ಎಂಬ ಕುದುರೆ ರೇಸಿನವರು, ಯಾವ ಕುದುರೆ ಎಷ್ಟನೇ ಗೇಟಿನಿಂದ ಓಡುತ್ತದೆ ಎಂಬುದನ್ನು ಅದೇ ಚಿಪ್ಪಿನ ಮೇಲೆ ಬೆಳಕಿನಲ್ಲಿ ಮೂಡಿಸಲು ಹೊರಟರು. ಒಪೆರಾ ಹೌಸಿನ ಮುಖ್ಯಸ್ಥೆ ಲೂಯಿಸ್ ಹೆರನ್ ಬೇಡವೆಂದರು. ರೇಡಿಯೊದ ಆಲನ್ ಜೋನ್ಸ್ ನೇರ ಪ್ರಸಾರದಲ್ಲೇ ಅವರ ಮೇಲೆ ಹರಿಹಾಯ್ದರು. ರಾಜ್ಯದ ಪ್ರೀಮಿಯರ್ ಗ್ಲಾಡಿಸ್ ಬೆರೆಜಿಕ್ಲಿಯನ್ ರೇಸಿನ ಪರ ನಿಂತರು. ಪ್ರಧಾನಿ ಸ್ಕಾಟ್ ಮಾರಿಸನ್ ಅಂತೂ ಸಿಡ್ನಿಯ ಅತಿ ದೊಡ್ಡ ಜಾಹೀರಾತು ಫಲಕವೇ ಅದು, ಬಳಸಿದರೆ ತಪ್ಪೇನು ಎಂದು ಕೇಳಿದರು. ಇದು ಬೇಡವೆಂಬ ಮನವಿಗೆ ಲಕ್ಷಗಟ್ಟಲೆ ಜನ ಸಹಿ ಹಾಕಿದರು. ರಾತ್ರಿ ಟಾರ್ಚು ಹಿಡಿದು ಬಂದು ಜಾಹೀರಾತಿನ ಬೆಳಕಿನ ಮೇಲೆ ತಮ್ಮ ಬೆಳಕು ಬಿಟ್ಟರು. ಕುದುರೆಯೇ ಗೆದ್ದಿತು. ಯುದ್ಧ ಬೇಡ ಎಂದರೆ ಹಾಳುಗೆಡವಿದಂತೆ, ಕುದುರೆ ನೋಡಿ ಎಂದರೆ ಬೆಳಗಿಸಿದಂತೆ. ಬಣ್ಣವನ್ನು ತೊಳೆಯಬೇಕಾಗುತ್ತದೆ, ಬೆಳಕನ್ನು ತೊಳೆಯುವ ಖರ್ಚಿಲ್ಲ ಎಂದು ವಾದಿಸುವವರಿದ್ದಾರೆ. ಪಿಕಾಸೊನ ಕೈಯಲ್ಲಿ ಪ್ರೊಜೆಕ್ಟರ್ ಇರಲಿಲ್ಲ, ಪಾಪ.

ಇದರಲ್ಲಿ ನಾವು ನಗುವಂಥದ್ದು ಹೆಚ್ಚೇನೂ ಇಲ್ಲ. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದರ ಕೈಗೆ ಕೊಡುವ ಒಪ್ಪಂದದ ವಿರುದ್ಧ 2016ರಲ್ಲಿ ಕಲಾವಿದರು ಕಸ್ತೂರಬಾ ರಸ್ತೆಗೆ ಇಳಿಯಬೇಕಾಯಿತು. ಅವರು ಏನನ್ನೂ ಕದಿಯಲಿಲ್ಲ, ಯಾರನ್ನೂ ಜೌಗಿನ ಚೀಲ ಎನ್ನಲಿಲ್ಲ. ಕದಿಯುವುದಾದರೆ ಕಾವಲಿನವರ ಕಣ್ಣು ತಪ್ಪಿಸಬೇಕಲ್ಲ, ನಮ್ಮ ಸರ್ಕಾರಿ ಗ್ಯಾಲರಿಗಳಲ್ಲಿ ಮೊದಲು ಕಾವಲಿನವರನ್ನು ಹುಡುಕಬೇಕು.

ಅತ್ತ ಸಿಡ್ನಿ, ಮೆಲ್ಬರ್ನ್‌ಗಳ ನಮ್ಮ ಸಂಘಗಳೂ ಸಂಸ್ಕೃತಿಯ ಈ ಅರ್ಥಶಾಸ್ತ್ರವನ್ನು ಬೇಗ ಕಲಿತಿವೆ. ನವೆಂಬರ್ ಬಂತೆಂದರೆ ಬಾಡಿಗೆ ಹಾಲು, ಭುವನೇಶ್ವರಿಯ ಫ್ಲೆಕ್ಸು, ದೀಪ ಹಚ್ಚಲು ಆ ಭಾಗದ ಎಂ.ಪಿ. ಅವರು ನಮಸ್ಕಾರ ಎನ್ನುತ್ತಾರೆ, ಮಸಾಲೆ ದೋಸೆಯನ್ನು ಹೊಗಳುತ್ತಾರೆ, ಬಹುಸಂಸ್ಕೃತಿ ಎನ್ನುತ್ತಾರೆ. ಸೇರಿದವರು ಚಪ್ಪಾಳೆ ತಟ್ಟಿ, ಮುಂದಿನ ವರ್ಷದ ಅನುದಾನದ ಅರ್ಜಿಗೆ ಲಗತ್ತಿಸಲು ಫೋಟೊ ತೆಗೆಸಿಕೊಳ್ಳುತ್ತಾರೆ. ಮೂರು ವರ್ಷದಲ್ಲಿ ಶೇಕಡಾ 10 ಹೆಚ್ಚಿಸಿ ಎಂದು ಬಾಯಿಬಿಟ್ಟು ಕೇಳುವಷ್ಟು ಎದೆಗಾರಿಕೆ ಖಜಾಂಚಿಗೂ ಇಲ್ಲ. ಸ್ಕ್ರೂ ಬಿಚ್ಚಿದವರಿಗೆ ಇತ್ತು.

ಇಷ್ಟೆಲ್ಲದರ ನಡುವೆ ಗೆರ್ನಿಕಾದವರ ಕಥೆ ಏನಾಯಿತು? ಅವರ ಹೆಸರಿನ ಚಿತ್ರ ದಶಕಗಳ ಕಾಲ ನ್ಯೂಯಾರ್ಕಿನಲ್ಲಿದ್ದು, 1981ರಲ್ಲಿ ಸ್ಪೇನಿಗೆ ಮರಳಿ, ಈಗ ಮ್ಯಾಡ್ರಿಡ್‌ನ ರೇನಾ ಸೋಫಿಯಾ ಮ್ಯೂಸಿಯಮ್ಮಿನಲ್ಲಿದೆ. ಗೆರ್ನಿಕಾದ ಬೀದಿಯಲ್ಲಿ ಅದರ ಹೆಂಚಿನ ನಕಲಿದೆ, ಗೆರ್ನಿಕಾ ಗೆರ್ನಿಕಾಕ್ಕೇ ಬರಲಿ ಎಂಬ ಬರಹದ ಸಮೇತ. 1997ರಲ್ಲಿ ಹತ್ತಿರದ ಬಿಲ್ಬಾವೊದಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ತೆರೆದಾಗ, ಸ್ವಲ್ಪ ದಿನಕ್ಕಾದರೂ ಕಳುಹಿಸಿ ಎಂದು ಬಾಸ್ಕ್ ಜನ ಕೇಳಿದರು. ಕ್ಯಾನ್ವಾಸು ಬಹಳ ಸೂಕ್ಷ್ಮವಾಗಿದೆ, ಪ್ರಯಾಣ ತಡೆಯುವುದಿಲ್ಲ ಎಂದು ಮ್ಯಾಡ್ರಿಡ್ ಹೇಳಿತು. ಮೆಲ್ಬರ್ನಿನ ಅನುಭವ ಇದಕ್ಕೆ ತದ್ವಿರುದ್ಧವಾಗಿದೆ. ಪಿಕಾಸೊನ ಚಿತ್ರ ಸ್ಕ್ರೂಡ್ರೈವರನ್ನೂ ಕಂದು ಕಾಗದವನ್ನೂ ರೈಲು ನಿಲ್ದಾಣದ ಲಾಕರನ್ನೂ ಧಾರಾಳವಾಗಿ ತಡೆಯುತ್ತದೆ. ಬಾಸ್ಕ್ ಜನ ಅರ್ಜಿ ಬರೆಯುವುದು ಬಿಟ್ಟು ಎಸಿಟಿಯವರನ್ನೇ ವಿಚಾರಿಸಬಹುದಿತ್ತು, ಆದರೆ ವಿಳಾಸ ಪೊಲೀಸರಿಗೇ ಸಿಕ್ಕಿಲ್ಲ. ಸಿಕ್ಕಿದರೂ ಏಳೂಮುಕ್ಕಾಲು ಮೀಟರಿನ ಚಿತ್ರ 227ನೇ ಲಾಕರಿಗೆ ಹಿಡಿಸುವುದಿಲ್ಲ. ಅಷ್ಟು ದೊಡ್ಡದನ್ನು ತೂಗುಹಾಕಲು ಒಪೆರಾ ಹೌಸೇ ಆಗಬೇಕು. ಅದನ್ನು ರೇಸಿನವರು ಬುಕ್ ಮಾಡಿದ್ದಾರೆ.